ಹಳೆಯ ಜೀಪಿಗೆ ಬಯೋಡೀಸೆಲ್ ಬೆರೆಸಿದ ಮೇಲೆ ಮುಳ್ಳೇರಿಯದ ಏರಿನಲ್ಲಿ ಎಂಜಿನ್ ಎಳೆಯುವುದಿಲ್ಲ, ಯಾಕೆ?

ಪಂಪ್ ಬಿಚ್ಚಿಸಲು ಅವಸರ ಬೇಡ, ಮೊದಲು ಡೀಸೆಲ್ ಫಿಲ್ಟರ್ ನೋಡಿ. ಬಯೋಡೀಸೆಲ್ ಅಂದರೆ ಸಸ್ಯದ ಎಣ್ಣೆ ಅಥವಾ ಕೊಬ್ಬನ್ನು ರಾಸಾಯನಿಕವಾಗಿ ಬದಲಿಸಿ ಮಾಡಿದ ಇಂಧನ, ಅದು ಒಳ್ಳೆಯ ದ್ರಾವಕ. ಟ್ಯಾಂಕಿನ ತಳದಲ್ಲಿ, ಪೈಪುಗಳಲ್ಲಿ ವರ್ಷಗಟ್ಟಲೆ ಕೂತಿದ್ದ ಕೊಳೆಯನ್ನು ಅದು ಸಡಿಲಿಸಿ ತರುತ್ತದೆ. ಅದೆಲ್ಲ ಫಿಲ್ಟರಿನಲ್ಲಿ ಕಟ್ಟಿಕೊಳ್ಳುತ್ತದೆ. ಸಮತಟ್ಟು ರಸ್ತೆಯಲ್ಲಿ ಗೊತ್ತಾಗದು, ಭಾರ ಹೇರಿ ಏರುವಾಗ ಡೀಸೆಲ್ ಸಾಲದೆ ಎಂಜಿನ್ ಸೋಲುತ್ತದೆ. ಶುರುವಿನಲ್ಲಿ ಎರಡು ಮೂರು ಫಿಲ್ಟರ್ ಬೇಗಬೇಗ ಬದಲಿಸಬೇಕಾದೀತು, ಟ್ಯಾಂಕ್ ಶುದ್ಧವಾದ ಮೇಲೆ ಮಾಮೂಲಿಗೆ ಬರುತ್ತದೆ.

ನಮ್ಮ ಕಾಸರಗೋಡಿನ ಮಳೆಗಾಲದಲ್ಲಿ ಇನ್ನೊಂದು ಕಾಟ: ಬಯೋಡೀಸೆಲ್ ಡೀಸೆಲಿಗಿಂತ ಹೆಚ್ಚು ತೇವ ಹೀರುತ್ತದೆ. ಖಾಲಿ ಜಾಗದ ಗಾಳಿಯಿಂದ ತೇವ ಸೇರದಂತೆ ಟ್ಯಾಂಕ್ ತುಂಬಿಸಿಡಿ, ಫಿಲ್ಟರಿನ ಕೆಳಗಿನ ತಿರುಪು ಸಡಿಲಿಸಿ ಆಗಾಗ ನೀರು ಇಳಿಸಿ. ರಬ್ಬರ್ ಹೋಸ್ ಮೆತ್ತಗಾಗಿ ಒಸರಿದರೆ ವೈಟನ್ (ಬಯೋಡೀಸೆಲ್ ತಾಳುವ ಬಗೆಯ ರಬ್ಬರ್) ಹೋಸ್ ಹಾಕಿಸಿ. ಬೆರಕೆ ಶೇ. 20 ದಾಟದಿರಲಿ. ತೆಂಗಿನೆಣ್ಣೆಯನ್ನೇ ಸುರಿಯುವ ಸಲಹೆ ಮಾತ್ರ ಕೇಳಲೇಬೇಡಿ. ಅದು ಬಯೋಡೀಸೆಲ್ ಅಲ್ಲ.