ಅಮೆರಿಕದ ಹಲವು ಕಾಲೇಜುಗಳಲ್ಲಿ ಕ್ರಾಸ್ ಕಂಟ್ರಿಗೂ ಟ್ರ್ಯಾಕ್‌ಗೂ ಒಬ್ಬರೇ ಕೋಚ್ ಇರೋದು ಯಾಕೆ?

ಎರಡರಲ್ಲೂ ದೂರದ ಓಟ ಓಡುವವರು ಬಹುಪಾಲು ಅದೇ ಹುಡುಗರು, ಅದಕ್ಕೆ. ಶರತ್ಕಾಲದಲ್ಲಿ ಹುಲ್ಲು, ಮಣ್ಣು, ದಿಣ್ಣೆಗಳ ಮೇಲೆ ಕ್ರಾಸ್ ಕಂಟ್ರಿ. ಚಳಿಗಾಲದಲ್ಲಿ ಒಳಾಂಗಣ ಟ್ರ್ಯಾಕ್, ವಸಂತದಲ್ಲಿ ಹೊರಾಂಗಣ ಟ್ರ್ಯಾಕ್. ದೂರದ ಓಟಗಾರರಿಗೆ ವರ್ಷಕ್ಕೆ ಮೂರು ಸೀಸನ್. ನಡುವೆ ಕೋಚ್ ಬದಲಾದರೆ ತಯಾರಿಯ ಲೆಕ್ಕವೇ ತಪ್ಪುತ್ತದೆ, ಅಲ್ವಾ?

ಜಾನ್ ಮ್ಯಾಕ್‌ಡೊನೆಲ್ ಅವರನ್ನೇ ನೋಡಿ. ಐರ್ಲೆಂಡಿನ ಮೇಯೋ ಕೌಂಟಿಯ ರೈತರ ಮಗ. 1972ರಲ್ಲಿ ಅರ್ಕಾನ್ಸಾಸ್ ವಿಶ್ವವಿದ್ಯಾಲಯದ ಕ್ರಾಸ್ ಕಂಟ್ರಿ ಕೋಚ್ ಆದರು. ಕೆಲವು ವರ್ಷಗಳ ನಂತರ ಟ್ರ್ಯಾಕ್ ತಂಡವೂ ಅವರ ಕೈಗೆ ಬಂತು. ಮೊದಲ ರಾಷ್ಟ್ರೀಯ ಪ್ರಶಸ್ತಿಗೆ 1984ರವರೆಗೆ ಕಾಯಬೇಕಾಯಿತು. ಆಮೇಲೆ 1995ರವರೆಗೆ ಒಳಾಂಗಣ ಪ್ರಶಸ್ತಿ ಸತತ 12 ವರ್ಷ ಅವರದೇ! 2008ರಲ್ಲಿ ನಿವೃತ್ತರಾದರು. ಈಗ ಲೆಕ್ಕದಲ್ಲಿರುವುದು 40 ಪ್ರಶಸ್ತಿ. ಮೊದಲು 42 ಇತ್ತು. ನಿಯಮ ಉಲ್ಲಂಘನೆಯಿಂದ 2004 ಮತ್ತು 2005ರ ಹೊರಾಂಗಣ ಪ್ರಶಸ್ತಿಗಳು ರದ್ದಾದವು. ಇಷ್ಟೆಲ್ಲದರ ಜೊತೆಗೆ ದನಗಳನ್ನೂ ಸಾಕುತ್ತಿದ್ದರು.

ಕೋಚ್‌ನ ನಿಜವಾದ ತಲೆನೋವು ಕ್ರಾಸ್ ಕಂಟ್ರಿಯ ಅಂಕಗಳು. ತಂಡದಿಂದ ಏಳು ಜನ ಓಡುತ್ತಾರೆ, ಮೊದಲ ಐವರ ಸ್ಥಾನ ಕೂಡುತ್ತಾರೆ. ಕಡಿಮೆ ಬಂದವರು ಗೆದ್ದಂತೆ. ಒಬ್ಬ ಮೊದಲು ಬಂದು ಐದನೆಯವನು ನೂರನೇ ಸ್ಥಾನಕ್ಕೆ ಜಾರಿದರೆ ಮುಗೀತು. ಹಾಗಾಗಿ ಒಬ್ಬ ಸ್ಟಾರ್‌ಗಿಂತ ಆ ಐದನೆಯ ಹುಡುಗನ ಮೇಲೆಯೇ ಕೋಚ್‌ನ ಬೆವರು ಜಾಸ್ತಿ ಹರಿಯೋದು. ಐವರೂ ಮೊದಲ ಐದು ಸ್ಥಾನ ಹಿಡಿದರೆ ಒಟ್ಟು 15. ಅದಕ್ಕಿಂತ ಒಳ್ಳೆಯ ಅಂಕವೇ ಇಲ್ಲ. ಜೋ ವಿಜಿಲ್ ಕೋಚ್ ಆಗಿದ್ದ ಕೊಲೊರಾಡೊದ ಆಡಮ್ಸ್ ಸ್ಟೇಟ್ ತಂಡ 1992ರ ಎರಡನೇ ಡಿವಿಷನ್ (ಕಾಲೇಜು ಕ್ರೀಡೆಯ ಎರಡನೇ ಹಂತ) ರಾಷ್ಟ್ರೀಯ ಕೂಟದಲ್ಲಿ ಅದನ್ನೂ ಮಾಡಿ ತೋರಿಸಿತು.