‘ಮೂರು ವರ್ಷಗಳಿಂದ’ ಎನ್ನುವಾಗ ‘ಸಿನ್ಸ್’ ಏಕೆ ಸಲ್ಲದು?

ಪ್ರಶ್ನೆ: ಮಾನ್ಯರೇ, ನಾನು ಬದಿಯಡ್ಕದ ಸಮೀಪದವಳು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಒಂದು ಕಚೇರಿಯಲ್ಲಿ ಮೂರು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಅನುಭವ ಪತ್ರಕ್ಕಾಗಿ ಬರೆದ ಅರ್ಜಿಯಲ್ಲಿ ‘ಐ ಆ್ಯಮ್ ವರ್ಕಿಂಗ್ ಹಿಯರ್ ಸಿನ್ಸ್ ತ್ರೀ ಇಯರ್ಸ್’ ಎಂದು ಬರೆದಿದ್ದೆ. ಮೇಲಧಿಕಾರಿಗಳು ‘ಸಿನ್ಸ್’ ಎಂಬ ಪದಕ್ಕೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ ಕಾಗದವನ್ನು ಹಿಂದಿರುಗಿಸಿದರು. ಶುಕ್ರವಾರದೊಳಗೆ ತಿದ್ದಿ ಕೊಡುತ್ತೇನೆ ಎಂಬುದಕ್ಕೆ ‘ವಿದಿನ್ ಫ್ರೈಡೇ’ ಎಂದು ಬರೆದೆ, ಅದೂ ತಪ್ಪೆಂದರು. 2022ರಿಂದ ಇಲ್ಲಿದ್ದರೂ ಇಂಥ ತಪ್ಪುಗಳು ತಪ್ಪಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿದ್ದೇ ಇದಕ್ಕೆ ಕಾರಣವೇ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಕನ್ನಡ ಮಾಧ್ಯಮ ಇದಕ್ಕೆ ಕಾರಣವಲ್ಲ. ಇಂಗ್ಲಿಷ್ ಮಾಧ್ಯಮದಲ್ಲಿ ಓದಿ ಪದವಿ ಪಡೆದವರ ಅರ್ಜಿಗಳಲ್ಲಿಯೂ ಇದೇ ‘ಸಿನ್ಸ್ ತ್ರೀ ಇಯರ್ಸ್’ ಧಾರಾಳವಾಗಿ ಕಾಣಸಿಗುತ್ತದೆ. ನಿಜವಾದ ಕಾರಣ ತಮ್ಮ ಪತ್ರದಲ್ಲೇ ಇದೆ. ‘ಮೂರು ವರ್ಷಗಳಿಂದ’ ಎಂದು ಒಂದು ಕಡೆ, ‘2022ರಿಂದ’ ಎಂದು ಇನ್ನೊಂದು ಕಡೆ ಬರೆದಿದ್ದೀರಿ. ಎರಡೂ ಶುದ್ಧ ಕನ್ನಡವೇ. ಆದರೆ ‘2022’ ಎಂಬುದು ಕೆಲಸ ತೊಡಗಿದ ಗಳಿಗೆಯನ್ನು ತೋರಿಸಿದರೆ, ‘ಮೂರು ವರ್ಷ’ ಎಂಬುದು ಅಲ್ಲಿಂದ ಇಲ್ಲಿಯವರೆಗೆ ಸರಿದ ಕಾಲದ ಅಳತೆಯನ್ನು ತೋರಿಸುತ್ತದೆ. ನಮ್ಮ ‘ಇಂದ’ ಪ್ರತ್ಯಯ ಈ ಎರಡನ್ನೂ ಭೇದವೆಣಿಸದೆ ಹೊರುತ್ತದೆ. ಇಂಗ್ಲಿಷ್ ಹಾಗೆ ಮಾಡುವುದಿಲ್ಲ. ತೊಡಗಿದ ಗಳಿಗೆಗೆ ‘ಸಿನ್ಸ್’, ಸರಿದ ಕಾಲದ ಅಳತೆಗೆ ‘ಫಾರ್’. ಆದುದರಿಂದ ‘ಸಿನ್ಸ್ 2022’ ಸರಿ, ‘ಫಾರ್ ತ್ರೀ ಇಯರ್ಸ್’ ಸರಿ. ನಮ್ಮ ಜಿಲ್ಲೆಯ ವಿಷಯವನ್ನೇ ತೆಗೆದುಕೊಳ್ಳಿ. ಕಾಸರಗೋಡು ಪ್ರತ್ಯೇಕ ಜಿಲ್ಲೆಯಾದದ್ದು 1984ರ ಮೇ 24ರಂದು. ಇದನ್ನು ‘ಕಾಸರಗೋಡ್ ಹ್ಯಾಸ್ ಬೀನ್ ಎ ಡಿಸ್ಟ್ರಿಕ್ಟ್ ಸಿನ್ಸ್ 1984’ ಎಂದೂ ಬರೆಯಬಹುದು, ‘ಫಾರ್ ಓವರ್ ಫಾರ್ಟಿ ಇಯರ್ಸ್’ ಎಂದೂ ಬರೆಯಬಹುದು.

ಗಡಿನಾಡಿನಲ್ಲಿರುವ ತಮಗೆ ಈ ಭೇದ ಹೊಸದೇನಲ್ಲ ಎಂಬುದು ನನ್ನ ನಂಬಿಕೆ. ಕಚೇರಿಯಲ್ಲಿ, ಬಸ್ಸಿನಲ್ಲಿ ದಿನವೂ ಕಿವಿಗೆ ಬೀಳುವ ಮಲಯಾಳವನ್ನು ಒಮ್ಮೆ ಗಮನಿಸಿ. ‘2022 ಮುದಲ್’ ಎನ್ನುವವರು ‘ಮೂನ್ನ್ ವರ್ಷಮಾಯಿ’ ಎನ್ನುತ್ತಾರೆ; ತೊಡಗಿದ ಗಳಿಗೆಗೆ ಒಂದು ಪದ, ಸರಿದ ಕಾಲಕ್ಕೆ ಇನ್ನೊಂದು. ‘ಮುದಲ್’ ಬರುವಲ್ಲಿ ‘ಸಿನ್ಸ್’, ‘ಆಯಿ’ ಬರುವಲ್ಲಿ ‘ಫಾರ್’ ಎಂದು ಇಟ್ಟುಕೊಂಡರೆ, ನಿಯಮವನ್ನು ಬಾಯಿಪಾಠ ಮಾಡುವ ಅಗತ್ಯವೇ ಇರುವುದಿಲ್ಲ. ಎರಡು ಭಾಷೆಗಳ ನಡುವೆ ಬೆಳೆದವರಿಗೆ ಇರುವ ಈ ಅನುಕೂಲವನ್ನು ನಮ್ಮ ತರಗತಿಗಳಲ್ಲಿ ಇನ್ನಷ್ಟು ಬಳಸಿಕೊಳ್ಳಬೇಕೆಂದು ನನಗೆ ಬಹಳ ಕಾಲದಿಂದ ಅನ್ನಿಸುತ್ತಿದೆ.

ತಮ್ಮ ವಾಕ್ಯದಲ್ಲಿ ಇನ್ನೊಂದು ತಪ್ಪಿದೆ. ಕೆಂಪು ಶಾಯಿ ಅದನ್ನು ಗುರುತಿಸಿದಂತಿಲ್ಲ. ‘ಕೆಲಸ ಮಾಡುತ್ತಿದ್ದೇನೆ’ ಎಂಬುದನ್ನು ‘ಆ್ಯಮ್ ವರ್ಕಿಂಗ್’ ಎಂದು ತಂದಿದ್ದೀರಿ. ಕೆಲಸ ಹಿಂದೆ ತೊಡಗಿ ಈಗಲೂ ನಡೆದಿದ್ದರೆ, ಮತ್ತು ಅದು ಎಷ್ಟು ಕಾಲದಿಂದ ಎಂಬುದನ್ನು ಹೇಳುವುದಿದ್ದರೆ, ಇಂಗ್ಲಿಷಿನಲ್ಲಿ ‘ಹ್ಯಾವ್ ಬೀನ್ ವರ್ಕಿಂಗ್’ ಎಂದೇ ಆಗಬೇಕು. ‘ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಫಾರ್ ತ್ರೀ ಇಯರ್ಸ್’ ಎಂಬುದು ತಮ್ಮ ಅರ್ಜಿಗೆ ಸಲ್ಲುವ ವಾಕ್ಯ. ಇದನ್ನೇ ‘ಐ ವರ್ಕ್ಡ್ ಹಿಯರ್ ಫಾರ್ ತ್ರೀ ಇಯರ್ಸ್’ ಎಂದು ಬರೆದರೆ, ತಾವು ಆ ಕಚೇರಿಯನ್ನು ಬಿಟ್ಟಾಯಿತು ಎಂದು ಓದಿದವರು ತಿಳಿಯುತ್ತಾರೆ. ಅನುಭವ ಪತ್ರದ ಅರ್ಜಿಯಲ್ಲಿ ಇದು ಸಣ್ಣ ವ್ಯತ್ಯಾಸವಲ್ಲ.

‘ಇಟ್ ಈಸ್ ತ್ರೀ ಇಯರ್ಸ್ ಸಿನ್ಸ್ ಐ ಜಾಯ್ನ್ಡ್’ ಎಂಬ ವಾಕ್ಯವನ್ನು ಎಲ್ಲಾದರೂ ಕಂಡರೆ ಗೊಂದಲಗೊಳ್ಳಬೇಡಿ. ಅಲ್ಲಿ ‘ಸಿನ್ಸ್’ ಸೇರಿಕೊಂಡಿರುವುದು ಮುಂದೆ ಬರುವ ‘ಐ ಜಾಯ್ನ್ಡ್’ ಎಂಬ ಗಳಿಗೆಯೊಂದಿಗೆ, ಹಿಂದಿನ ಮೂರು ವರ್ಷಗಳೊಂದಿಗೆ ಅಲ್ಲ. ‘ನಾನು ಸೇರಿ ಮೂರು ವರ್ಷವಾಯಿತು’ ಎಂಬ ನಮ್ಮ ಮಾತಿಗೆ ಅದು ಸರಿಯಾದ ಜೋಡಿ.

‘ವಿದಿನ್ ಫ್ರೈಡೇ’ ತಪ್ಪಾದದ್ದೂ ಇದೇ ಕಾರಣದಿಂದ. ‘ಶುಕ್ರವಾರದೊಳಗೆ’, ‘ಮೂರು ದಿನಗಳೊಳಗೆ’ ಎಂದು ಎರಡು ಕಡೆಯಲ್ಲೂ ನಾವು ‘ಒಳಗೆ’ ಎನ್ನುತ್ತೇವೆ. ಇಂಗ್ಲಿಷಿನ ‘ವಿದಿನ್’ ಕಾಲದ ಅಳತೆಯನ್ನು ಬೇಡುತ್ತದೆ. ‘ವಿದಿನ್ ತ್ರೀ ಡೇಸ್’ ಸರಿ. ಶುಕ್ರವಾರ ಎಂಬುದು ಗಡುವಿನ ದಿನವಾದ್ದರಿಂದ ಅಲ್ಲಿ ‘ಬೈ ಫ್ರೈಡೇ’ ಎನ್ನಬೇಕು. ಹಾಗೆಂದರೆ ಶುಕ್ರವಾರ ಕೊಟ್ಟರೂ ಮಾತು ಉಳಿಯುತ್ತದೆ. ‘ಬಿಫೋರ್ ಫ್ರೈಡೇ’ ಎಂದಿದ್ದರೆ ಗುರುವಾರವೇ ಕೊಡಬೇಕಾಗುತ್ತದೆ. ‘ಅಂಟಿಲ್ ಫ್ರೈಡೇ’ ಎಂಬುದು ‘ಶುಕ್ರವಾರದವರೆಗೆ’. ಅದು ಎಡೆಬಿಡದೆ ಮುಂದುವರಿಯುವ ಕೆಲಸಕ್ಕೆ ಹೊಂದುತ್ತದೆಯೇ ಹೊರತು ಒಮ್ಮೆ ಮಾಡಿ ಮುಗಿಸುವ ಕೆಲಸಕ್ಕಲ್ಲ. ರಜೆ ಶುಕ್ರವಾರದವರೆಗೆ ಇರುತ್ತದೆ, ಅರ್ಜಿ ಶುಕ್ರವಾರದೊಳಗೆ ತಲುಪುತ್ತದೆ. ಇಲ್ಲಿ ಕನ್ನಡದ ‘ವರೆಗೆ’ ಮತ್ತು ‘ಒಳಗೆ’ ತಾವೇ ದಾರಿ ತೋರಿಸುತ್ತವೆ.

ಪ್ರಶ್ನೆ: ನಾನು ಮಂಜೇಶ್ವರದ ಹತ್ತನೆಯ ತರಗತಿ ವಿದ್ಯಾರ್ಥಿ. ದಿನಾಂಕ, ತಿಂಗಳು, ಇಸವಿ ಬರೆಯುವಾಗ ಆ್ಯಟ್, ಆನ್, ಇನ್ ಇವುಗಳಲ್ಲಿ ಯಾವುದನ್ನು ಹಾಕಬೇಕು?

ಉತ್ತರ: ನಿನ್ನ ಊರಿನ ರಾಷ್ಟ್ರಕವಿ ಗೋವಿಂದ ಪೈಗಳು ಹುಟ್ಟಿದ್ದು 1883ರ ಮಾರ್ಚ್ 23ರಂದು. ದಿನವನ್ನು ಹೆಸರಿಸಿದರೆ ‘ಆನ್ 23 ಮಾರ್ಚ್ 1883’. ತಿಂಗಳಿಗೆ ನಿಲ್ಲಿಸಿದರೆ ‘ಇನ್ ಮಾರ್ಚ್ 1883’. ಇಸವಿ ಮಾತ್ರವಾದರೆ ‘ಇನ್ 1883’. ವಾಕ್ಯದಲ್ಲಿ ತಿಂಗಳೂ ಇಸವಿಯೂ ಇದ್ದರೂ ದಿನವೊಂದು ಬಂತೆಂದರೆ ‘ಆನ್’ ಬರಲೇಬೇಕು. ಗಡಿಯಾರದ ಹೊತ್ತಿಗೆ ‘ಆ್ಯಟ್’.

ಎಡವುವುದು ಬೆಳಗು, ರಾತ್ರಿಗಳಲ್ಲಿ. ‘ಇನ್ ದ ಮಾರ್ನಿಂಗ್’ ಎನ್ನುತ್ತೇವೆ, ಆದರೆ ವಾರದ ಹೆಸರು ಸೇರಿದೊಡನೆ ‘ಆನ್ ಮಂಡೇ ಮಾರ್ನಿಂಗ್’ ಆಗುತ್ತದೆ. ಯಕ್ಷಗಾನದ ಆಟ ಸಾಮಾನ್ಯವಾಗಿ ರಾತ್ರಿ ನಡೆಯುತ್ತದೆ ಎನ್ನಲು ‘ಆ್ಯಟ್ ನೈಟ್’; ಇಂಥ ದಿನದ ರಾತ್ರಿಯೇ ನಡೆಯಿತು ಎನ್ನುವಾಗ ‘ಆನ್ ದ ನೈಟ್ ಆಫ್ 5 ಮಾರ್ಚ್’. ಆಟ ರಾತ್ರಿ ಒಂಬತ್ತಕ್ಕೆ ತೊಡಗಿ ಬೆಳಗಿನವರೆಗೆ ನಡೆದರೆ ‘ಫ್ರಮ್ ನೈನ್ ಅಂಟಿಲ್ ಡಾನ್’. ‘ಕಳೆದ ಸೋಮವಾರ’, ‘ಮುಂದಿನ ವರ್ಷ’, ‘ಪ್ರತಿ ಭಾನುವಾರ’ ಎನ್ನುವಾಗ ಕನ್ನಡದಲ್ಲಿ ಯಾವ ಪ್ರತ್ಯಯವನ್ನೂ ಹಚ್ಚುವುದಿಲ್ಲವಲ್ಲ, ಇಂಗ್ಲಿಷಿನಲ್ಲೂ ಹಾಗೆಯೇ ‘ಲಾಸ್ಟ್ ಮಂಡೇ’, ‘ನೆಕ್ಸ್ಟ್ ಇಯರ್’, ‘ಎವ್ರಿ ಸಂಡೇ’ ಎಂದು ಬಿಡಿಯಾಗಿ ಬರೆ. ‘ಆನ್ ಲಾಸ್ಟ್ ಮಂಡೇ’ ಎಂದು ಬರೆದು ಅಂಕ ಕಳೆದುಕೊಳ್ಳಬೇಡ.

ಪ್ರಶ್ನೆ: ‘ಆನ್ ಟೈಮ್’, ‘ಇನ್ ಟೈಮ್’ ಎರಡೂ ಒಂದೆಯೇ? (ಕುಂಬಳೆಯ ಓದುಗರು)

ಉತ್ತರ: ಒಂದಲ್ಲ. ವೇಳಾಪಟ್ಟಿಯಲ್ಲಿ ಬರೆದ ನಿಮಿಷಕ್ಕೇ ರೈಲು ಕುಂಬಳೆಗೆ ಬಂದರೆ ಅದು ‘ಆನ್ ಟೈಮ್’ ಬಂದಿತು. ತಾವು ಮನೆಯಿಂದ ತುಸು ತಡವಾಗಿ ಹೊರಟರೂ ರೈಲು ಬಿಡುವ ಮೊದಲು ನಿಲ್ದಾಣ ಸೇರಿ ಹತ್ತಿಕೊಂಡಿರಾದರೆ ‘ಇನ್ ಟೈಮ್’ ತಲುಪಿದಿರಿ.