ಟಿಪ್ಪಣಿ ತುಂಬಿದೆ, ಪ್ರಬಂಧ ಮೇಲೇಳುತ್ತಿಲ್ಲ

ಪ್ರಶ್ನೆ: ಶಿಕಾರಿಪುರ ತಾಲ್ಲೂಕಿನ ಕೆರೆ ಶಾಸನಗಳ ಬಗ್ಗೆ ಸಂಶೋಧನಾ ಪ್ರಬಂಧ ಬರೆಯುತ್ತಿದ್ದೇನೆ. ಎರಡು ನೋಟ್‌ಬುಕ್ ತುಂಬ ಟಿಪ್ಪಣಿ ಇದೆ. ಆದರೆ ಮೊದಲ ಕರಡು ನೋಡಿದ ಮಾರ್ಗದರ್ಶಕರು, ‘ಇದರಲ್ಲಿ ನಿಮ್ಮ ಮಾತು ಎಲ್ಲಿದೆ?’ ಎಂದು ಕೇಳಿದರು. ಅಂದಿನಿಂದ ಪೆನ್ನು ಹಿಡಿಯಲು ಅಂಜಿಕೆಯಾಗುತ್ತಿದೆ.
– ಎಂ.ಎ. ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ: ಆ ಪ್ರಶ್ನೆ ಮೊದಲ ಕರಡಿನಲ್ಲೇ ಎದುರಾದದ್ದು ಒಳ್ಳೆಯದಾಯಿತು. ಶಾಸನಗಳನ್ನು ಸಂಗ್ರಹಿಸುವ ಕೆಲಸವನ್ನು ಬಿ.ಎಲ್. ರೈಸ್ ಅವರು 1902ರಲ್ಲಿ ಪ್ರಕಟವಾದ ‘ಎಪಿಗ್ರಾಫಿಯಾ ಕರ್ನಾಟಿಕ’ದ ಏಳನೆಯ ಸಂಪುಟದಲ್ಲಿಯೇ ಮಾಡಿಟ್ಟಿದ್ದಾರೆ; ನಿಮ್ಮ ಪಾಲಿಗಿರುವುದು ಅವುಗಳನ್ನು ಪ್ರಶ್ನಿಸುವ ಕೆಲಸ. ನಿಮ್ಮ ಅಧ್ಯಯನದ ತಾಲ್ಲೂಕಿನದೇ ಆದ ತಾಳಗುಂದದ ಪ್ರಣವೇಶ್ವರ ದೇವಾಲಯದ ಮುಂದಿರುವ ಸ್ತಂಭ ಶಾಸನವನ್ನೇ ನೋಡಿ. ಕದಂಬ ವಂಶದ ಸ್ಥಾಪಕ ಮಯೂರಶರ್ಮನ ಕಥೆಗಾಗಿ ಎಲ್ಲರೂ ಉಲ್ಲೇಖಿಸುವ ಆ ಶಾಸನ ದಾಖಲಿಸುವುದು ಅದೇ ವಂಶದ ಅರಸ ಕಾಕುಸ್ಥವರ್ಮನು ಅಲ್ಲಿ ಕಟ್ಟಿಸಿದ ಕೆರೆಯನ್ನು. ಒಂದು ಕೆರೆಯ ವಿಷಯ ಹೇಳಲು ಇಡೀ ರಾಜವಂಶದ ಚರಿತ್ರೆ ಏಕೆ ಬೇಕಾಯಿತು? ಇಂಥ ಒಂದು ಪ್ರಶ್ನೆ ಸಿಕ್ಕರೆ ಯಾವ ಟಿಪ್ಪಣಿ ಬೇಕು, ಯಾವುದು ಬೇಡ ಎಂಬುದು ತಾನೇ ತಿಳಿಯುತ್ತದೆ. ಬೇಡವಾದದ್ದನ್ನು ಬಿಡುವಾಗ ಸಂಕಟವಾಗುವುದು ಸಹಜ, ಆದರೂ ಬಿಡಿ.

ನೋಟ್‌ಬುಕ್ ಮುಚ್ಚಿಟ್ಟು, ನಿಮ್ಮ ಪ್ರಶ್ನೆಯನ್ನೂ ನಿಮಗೆ ತೋಚಿದ ಉತ್ತರವನ್ನೂ ಒಂದು ಪುಟದಲ್ಲಿ ಬರೆಯಿರಿ. ಆಮೇಲೆ ಟಿಪ್ಪಣಿ ತೆರೆದು, ಶಾಸನದ ಪಾಠ, ವಿದ್ವಾಂಸರ ಅಭಿಪ್ರಾಯ ಮತ್ತು ನಿಮ್ಮ ಊಹೆ ಇವುಗಳನ್ನು ಬೇರೆ ಬೇರೆ ಶಾಯಿಯಲ್ಲಿ ಗುರುತಿಸಿ. ಆ ಒಂದು ಪುಟವನ್ನೇ ಮಾರ್ಗದರ್ಶಕರಿಗೆ ಮೊದಲು ತೋರಿಸಿ.